ಕೆನಡಾದಲ್ಲಿ ಮಗಳ ಕಾಲೇಜಿಗೆ ಉಳಿತಾಯ: ಆರ್‌ಇಎಸ್‌ಪಿ (ಮಕ್ಕಳ ಮುಂದಿನ ಓದಿಗೆ ಹಣ ಕೂಡಿಡುವ, ಸರ್ಕಾರವೂ ಹಣ ಸೇರಿಸುವ ಖಾತೆ) ಬಗ್ಗೆ ಗೊತ್ತಿರುವವರು ಹೇಳ್ತೀರಾ?

ಪ್ರಶ್ನೆ: ಮಗಳಿಗೆ 11 ವರ್ಷ, ಇಲ್ಲೇ ಹುಟ್ಟಿದವಳು. ನಮ್ಮ ಮನೆಯವರು ಟ್ಯಾಕ್ಸಿ ಓಡಿಸುತ್ತಾರೆ. ಬಾಡಿಗೆ, ದಿನಸಿ ಎಲ್ಲ ಕಳೆದು ತಿಂಗಳಿಗೆ 40 ಡಾಲರ್ ಉಳಿದರೆ ಜಾಸ್ತಿ. ಇಷ್ಟಕ್ಕೆ ಖಾತೆ ತೆರೆದು ಪ್ರಯೋಜನ ಇದೆಯಾ?

ಉತ್ತರ 1: ಖಂಡಿತ ಇದೆ, ತೆರೆಯಿರಿ ಅಕ್ಕ. ವರ್ಷಕ್ಕೆ 480 ಡಾಲರ್ ಆಯ್ತು ಅಲ್ವಾ, ಅದಕ್ಕೆ ಸರ್ಕಾರ ಎಲ್ಲರಿಗೂ ಕೊಡುವ 20%, ಆದಾಯ ಕಡಿಮೆ ಇರುವವರಿಗೆ ಮೊದಲ 500 ಡಾಲರಿಗೆ ಇನ್ನೂ 20% ಸೇರಿದರೆ 192 ಡಾಲರ್ ಸುಮ್ನೆ ಬರುತ್ತೆ.

ಉತ್ತರ 2: ಕೆನಡಾ ಲರ್ನಿಂಗ್ ಬಾಂಡ್ ಬಿಡಬೇಡಿ, ಸರ್ಕಾರ ಇದೇ ಖಾತೆಗೆ ಹಾಕುವ ಇನ್ನೊಂದು ಹಣ ಅದು. 2004ರಿಂದ ಈಚೆಗೆ ಹುಟ್ಟಿದ, ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಅದು. ನೀವು ಒಂದು ಡಾಲರ್ ಹಾಕದಿದ್ದರೂ ಮೊದಲು 500, ಆಮೇಲೆ ಅರ್ಹತೆ ಇರುವ ಪ್ರತಿ ವರ್ಷಕ್ಕೆ 100, ಒಟ್ಟು 2000ದವರೆಗೆ. ಹಿಂದಿನ ವರ್ಷಗಳದ್ದೂ ಸಿಗುತ್ತೆ. ತೆರಿಗೆ ರಿಟರ್ನ್ ಮಾತ್ರ ತಪ್ಪದೆ ಹಾಕಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಅವಳು ಕಾಲೇಜಿಗೆ ಹೋಗದಿದ್ದರೆ?

ಉತ್ತರ 3: ನೀವು ಹಾಕಿದ್ದು ನಿಮಗೇ. ಸರ್ಕಾರ ಕೊಟ್ಟಿದ್ದು ವಾಪಸ್ ಹೋಗುತ್ತೆ. ಆದರೆ ಡಿಗ್ರಿನೇ ಆಗಬೇಕಿಲ್ಲ, ಎಲೆಕ್ಟ್ರಿಷಿಯನ್ ತರಬೇತಿಗೂ ನಡೆಯುತ್ತೆ. ಗ್ರೂಪ್ ಪ್ಲಾನ್ (ಹಲವು ಮನೆಯವರ ಹಣ ಒಟ್ಟು ಸೇರಿಸಿ ನಡೆಸುವ ಇಂಥದೇ ಖಾತೆ) ಮಾರುವವರು ಬಂದರೆ ಶುಲ್ಕ ಎಷ್ಟು, ಕಂತು ತಪ್ಪಿದರೆ ಏನಾಗುತ್ತೆ ಅಂತ ಕೇಳದೆ ಸಹಿ ಹಾಕಬೇಡಿ.