ಸಂಭವನೀಯತೆ ಪಾಠ: ಎರಡು ನಾಣ್ಯ ಬಂದ ಕೂಡಲೇ ಮಕ್ಕಳು ತಪ್ಪುತ್ತಾರೆ, ಏನು ಮಾಡಲಿ?

ಪ್ರಶ್ನೆ

ನಾನು 7ನೇ ತರಗತಿಗೆ ಗಣಿತ ಪಾಠ ಮಾಡುತ್ತೇನೆ. ಈಗ ಸಂಭವನೀಯತೆ ಶುರುವಾಗಿದೆ. ಒಂದು ನಾಣ್ಯ, ಒಂದು ದಾಳ ಇರುವವರೆಗೆ ಮಕ್ಕಳು ಪಟಪಟನೆ ಉತ್ತರ ಕೊಡುತ್ತಾರೆ. ಎರಡು ನಾಣ್ಯ ಬಂದ ಕೂಡಲೇ ಎಲ್ಲ ಕಲಸಿಹೋಗುತ್ತದೆ. "ಎರಡೂ ಹೆಡ್, ಎರಡೂ ಟೇಲ್, ಇಲ್ಲಾ ಒಂದೊಂದು. ಮೂರೇ ಅಲ್ವಾ ಮಿಸ್? ಹಾಗಾದ್ರೆ ಮೂರರಲ್ಲಿ ಒಂದು" ಅನ್ನುತ್ತಾರೆ. ಆಡ್ಸ್ (ಬೇಕಾದದ್ದಕ್ಕೂ ಬೇಡವಾದದ್ದಕ್ಕೂ ಇರುವ ಅನುಪಾತ) ಅಂದರೂ ಗೊಂದಲ. ಸೂತ್ರ ಬರೆಸಿದರೆ ಬಾಯಿಪಾಠ ಮಾಡುತ್ತಾರೆ, ಲೆಕ್ಕ ಸ್ವಲ್ಪ ಬದಲಾದರೆ ಕೈಚೆಲ್ಲುತ್ತಾರೆ. ಕ್ಲಾಸಿನಲ್ಲಿ ಮಾಡಿ ನೋಡಿದವರು ದಯವಿಟ್ಟು ಹೇಳಿ, ಯಾವುದು ಕೆಲಸಕ್ಕೆ ಬಂತು?

ಉತ್ತರ 1

ಮೇಡಂ, ಆ "ಮೂರೇ ಅಲ್ವಾ" ಅನ್ನುವುದು ಒಳ್ಳೆಯ ಉತ್ತರ. ಅದನ್ನು ತಕ್ಷಣ ತಿದ್ದಬೇಡಿ. ಬೋರ್ಡಿನ ಮೇಲೆ ಹಾಗೇ ಬರೆಯಿರಿ. ಪಕ್ಕದಲ್ಲಿ "ನಾಲ್ಕು" ಅನ್ನುವವರ ಉತ್ತರವನ್ನೂ ಬರೆಯಿರಿ. ಆಮೇಲೆ ಎರಡರಲ್ಲಿ ಯಾವುದು ಸರಿ ಅಂತ ನಾಣ್ಯವೇ ಹೇಳಲಿ.

30 ಮಕ್ಕಳು ಇದ್ದಾರೆ ಅಂದುಕೊಳ್ಳಿ. ಒಬ್ಬೊಬ್ಬರೂ ಎರಡು ನಾಣ್ಯ ಹಿಡಿದು 20 ಸಲ ಚಿಮ್ಮಿದರೆ ಒಟ್ಟು 600 ಆಯಿತು. ಚಿಮ್ಮುವ ಮೊದಲೇ ಕೇಳಿ: "ಮೂರೂ ಸಮಾನವಾಗಿದ್ದರೆ ಒಂದೊಂದು ಎಷ್ಟು ಸಲ ಬರಬೇಕು?" ಸುಮಾರು 200 ಅನ್ನುತ್ತಾರೆ. ನಾಲ್ಕು ಅಂದವರ ಪ್ರಕಾರ ಎರಡೂ ಹೆಡ್ 150ರ ಹತ್ತಿರ, ಎರಡೂ ಟೇಲ್ 150ರ ಹತ್ತಿರ, ಒಂದೊಂದು 300ರ ಹತ್ತಿರ ಬರಬೇಕು. 200 ಮತ್ತು 300ರ ನಡುವಿನ ಅಂತರ ದೊಡ್ಡದು. ಲೆಕ್ಕ ಕೂಡಿಸಿದಾಗ ಯಾರಿಗೂ ಅನುಮಾನ ಉಳಿಯುವುದಿಲ್ಲ. ಒಬ್ಬೊಬ್ಬರ 20 ಸಲ ನೋಡಿದರೆ ಹೇಗೆ ಬೇಕಾದರೂ ಬಂದಿರುತ್ತದೆ, ಅದಕ್ಕೇ ಇಡೀ ತರಗತಿಯದ್ದನ್ನು ಕೂಡಿಸಬೇಕು. ಇದನ್ನು ಮಾತ್ರ ಬಿಡಬೇಡಿ.

ಏಕೆ ಹೀಗೆ ಅನ್ನುವ ಪ್ರಶ್ನೆ ಆಗ ಮಕ್ಕಳಿಂದಲೇ ಬರುತ್ತದೆ. ಆಗ ಒಂದು ನಾಣ್ಯಕ್ಕೆ ಕೆಂಪು ಚುಕ್ಕೆ, ಇನ್ನೊಂದಕ್ಕೆ ನೀಲಿ ಚುಕ್ಕೆ ಹಚ್ಚಿ. ಕೆಂಪು ಹೆಡ್ ನೀಲಿ ಟೇಲ್ ಬೇರೆ, ಕೆಂಪು ಟೇಲ್ ನೀಲಿ ಹೆಡ್ ಬೇರೆ. "ಒಂದೊಂದು" ಅನ್ನುವ ಹೆಸರಿನೊಳಗೆ ಎರಡು ಫಲಿತ ಸೇರಿಕೊಂಡಿದ್ದವು ಅಂತ ಕಣ್ಣಿಗೇ ಕಾಣುತ್ತದೆ. ಚುಕ್ಕೆ ಅಳಿಸಿದರೆ ನಾಣ್ಯ ಬೀಳುವ ರೀತಿ ಬದಲಾಗುತ್ತದಾ ಅಂತಲೂ ಕೇಳಿ.

ಮಕ್ಕಳಿಗೆ ಇನ್ನೊಂದು ವಿಷಯ ಹೇಳಿ, ತುಂಬ ಧೈರ್ಯ ಬರುತ್ತದೆ. ಫ್ರಾನ್ಸಿನ ಡಾಲಂಬೆರ್ ದೊಡ್ಡ ಗಣಿತಜ್ಞ. ಎರಡು ಸಲ ಚಿಮ್ಮಿದರೆ ಒಂದಾದರೂ ಹೆಡ್ ಬರುವ ಸಂಭವನೀಯತೆ 3/4 ಅಲ್ಲ, 2/3 ಅಂತ 1754ರಲ್ಲಿ ವಿಶ್ವಕೋಶದಲ್ಲೇ ವಾದ ಮಾಡಿದ್ದರು. ಮೊದಲ ಸಲವೇ ಹೆಡ್ ಬಂದರೆ ಆಟ ಮುಗಿಯಿತು, ಆದ್ದರಿಂದ ಇರುವುದು ಮೂರೇ ದಾರಿ (ಮೊದಲೇ ಹೆಡ್, ಟೇಲ್ ಆಮೇಲೆ ಹೆಡ್, ಎರಡೂ ಟೇಲ್) ಅನ್ನುವುದು ಅವರ ತರ್ಕ. ಮೂರು ದಾರಿ ಇರುವುದು ನಿಜ. ಮೂರೂ ಸಮಾನ ಅಲ್ಲ. ನಿಮ್ಮ ಮಕ್ಕಳು ಎಡವುತ್ತಿರುವುದೂ ಅಲ್ಲೇ. "ಎಷ್ಟು ಫಲಿತ?" ಅನ್ನುವುದಕ್ಕಿಂತ ಮೊದಲು "ಎಲ್ಲವೂ ಸಮಾನವಾಗಿ ಬರುತ್ತವೆಯಾ?" ಅಂತ ಕೇಳುವ ಅಭ್ಯಾಸ ಮಾಡಿಸಿ. ಛೇದದಲ್ಲಿ ಸಂಖ್ಯೆ ಬರೆಯುವ ಮೊದಲು ಪ್ರತಿ ಸಲವೂ ಕೇಳಬೇಕು.

ಉತ್ತರ 2

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ದಾಳಕ್ಕೆ ಬರುತ್ತೇನೆ. 1ರಿಂದ 12ರವರೆಗೆ ಸಂಖ್ಯೆ ಬರೆದು ಓಟದ ಪಂದ್ಯ ಇಡಿ. ಪ್ರತಿ ಮಗುವೂ ಒಂದು ಸಂಖ್ಯೆ ಆರಿಸಿಕೊಳ್ಳಲಿ. ಎರಡು ದಾಳ ಉರುಳಿಸಿ, ಮೊತ್ತ ಎಷ್ಟು ಬಂತೋ ಆ ಸಂಖ್ಯೆ ಒಂದು ಮನೆ ಮುಂದಕ್ಕೆ ಹೋಗುತ್ತದೆ. 1 ಆರಿಸಿದ ಮಗು ಕೊನೆಯವರೆಗೂ ನಿಂತಲ್ಲೇ ನಿಂತಿರುತ್ತದೆ. "ಅಸಂಭವ ಘಟನೆ" ಅಂತ ಬೇರೆ ವಿವರಿಸುವ ಅಗತ್ಯವೇ ಬರುವುದಿಲ್ಲ. ಎರಡನೇ ಆಟಕ್ಕೆ ಎಲ್ಲರಿಗೂ 7 ಬೇಕು!

ಆಗ 6×6 ಚೌಕ ಬರೆಸಿ. ಅಡ್ಡ ಸಾಲಿಗೆ ಕೆಂಪು ದಾಳ, ಕಂಬಸಾಲಿಗೆ ನೀಲಿ ದಾಳ. 36 ಮನೆಗಳಲ್ಲಿ 7 ಆರು ಕಡೆ, 6 ಮತ್ತು 8 ಐದೈದು ಕಡೆ, 2 ಮತ್ತು 12 ಒಂದೊಂದೇ ಕಡೆ ಸಿಗುತ್ತವೆ. ಇಲ್ಲಿ ಜಾಣ ಮಕ್ಕಳು ಒಂದು ಪ್ರಶ್ನೆ ಕೇಳುತ್ತಾರೆ: "2-4ನ್ನು ಎರಡು ಸಲ ಎಣಿಸಿದಿರಿ, 3-3ನ್ನು ಯಾಕೆ ಒಂದೇ ಸಲ?" ಉತ್ತರ ಹೇಳಬೇಡಿ. ಕೆಂಪು 3, ನೀಲಿ 3 ಇರುವ ಮನೆಯನ್ನು ಚೌಕದಲ್ಲಿ ಹುಡುಕಲು ಹೇಳಿ. ಒಂದೇ ಮನೆ ಸಿಗುತ್ತದೆ.

ಬೇಗ ಮುಗಿಸುವವರಿಗೆ ಮೂರು ದಾಳ ಕೊಡಿ. 9 ಜಾಸ್ತಿ ಬರುತ್ತದೋ 10 ಜಾಸ್ತಿ ಬರುತ್ತದೋ? ಎರಡನ್ನೂ ಆರಾರು ಜೋಡಣೆಗಳಿಂದ ಪಡೆಯಬಹುದು, ಆದ್ದರಿಂದ ಸಮ ಅನ್ನಿಸುತ್ತದೆ. ಗೆಲಿಲಿಯೋ ಈ ಪ್ರಶ್ನೆ ಬಿಡಿಸಿದ್ದರು. 216ರಲ್ಲಿ 9ಕ್ಕೆ 25 ದಾರಿ, 10ಕ್ಕೆ 27. ವ್ಯತ್ಯಾಸಕ್ಕೆ ಮುಖ್ಯ ಕಾರಣ ಅದೇ 3-3-3, ಅದು ಒಂದೇ ಸಲ ಬರುತ್ತದೆ.

ಉತ್ತರ 3

ಆಡ್ಸ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸಂಭವನೀಯತೆ ಗಟ್ಟಿಯಾಗುವವರೆಗೆ ಅದನ್ನು ತರಬೇಡಿ. ತಂದಾಗ ಒಂದೇ ಚೀಲದಿಂದ ಎರಡನ್ನೂ ತೋರಿಸಿ. 3 ಕೆಂಪು, 2 ನೀಲಿ ಗುಂಡುಗಳು. ಕೆಂಪು ಬರುವ ಸಂಭವನೀಯತೆ 3/5, ಅಂದರೆ ಭಾಗಕ್ಕೂ ಒಟ್ಟಿಗೂ ಹೋಲಿಕೆ. ಆಡ್ಸ್ 3:2, ಅಂದರೆ ಬೇಕಾದದ್ದಕ್ಕೂ ಬೇಡವಾದದ್ದಕ್ಕೂ ಹೋಲಿಕೆ. ಮಕ್ಕಳು 3:2ನ್ನು 3/2 ಅಂತ ಬರೆದುಬಿಡುತ್ತಾರೆ. ಆಗ "ಸಂಭವನೀಯತೆ ಒಂದನ್ನು ದಾಟಬಹುದಾ?" ಅಂತ ಕೇಳಿದರೆ ಸಾಕು. 1:1 ಅಂದರೆ ಖಚಿತ ಅಲ್ಲ, ಅರ್ಧ. ಇದನ್ನು ಒಂದು ಸಲ ಪ್ರತ್ಯೇಕವಾಗಿ ಮಾಡಿಸಿ.

ಉತ್ತರ 4

ಎಣಿಕೆಗೆ ನನಗೆ ಅಕ್ಷರಗಳೇ ಇಷ್ಟ. ಕ, ಮ, ಲ ಅಂತ ಮೂರು ಚೀಟಿ ಕೊಟ್ಟು ಎಷ್ಟು ರೀತಿ ಜೋಡಿಸಬಹುದು ಅಂತ ಕೇಳಿ. ಮೊದಲು ಮನಸ್ಸಿಗೆ ಬಂದಂತೆ ಬರೆಯುತ್ತಾರೆ: ಕಮಲ, ಲಮಕ, ಮಕಲ... ಎಲ್ಲೋ ನಿಂತು "ಆಯ್ತು" ಅನ್ನುತ್ತಾರೆ. "ಆಯ್ತು ಅಂತ ಹೇಗೆ ಗೊತ್ತಾಯಿತು?" ಅಂತ ಕೇಳಿ. ಕ ಮುಂದೆ ಇಟ್ಟು ಎರಡು, ಮ ಮುಂದೆ ಇಟ್ಟು ಎರಡು, ಲ ಮುಂದೆ ಇಟ್ಟು ಎರಡು ಅಂತ ಸಾಲಾಗಿ ಬರೆದರೆ 6 ಸಿಗುತ್ತದೆ. ಮರದ ಚಿತ್ರ ಆಗ ತಾನಾಗಿಯೇ ಬರುತ್ತದೆ, 3×2×1 ಕೂಡ.

ಮರುದಿನ ಕ, ನ, ಕ ಕೊಡಿ. ಈಗ ಮೂರೇ: ಕನಕ, ಕಕನ, ನಕಕ. ಒಂದು ಕ ಕೆಂಪು, ಇನ್ನೊಂದು ನೀಲಿ ಮಾಡಿದರೆ ಮತ್ತೆ 6. ಇಲ್ಲಿ ಪ್ರತಿ ಪದದೊಳಗೂ ಸರಿಯಾಗಿ ಎರಡೆರಡು ಅಡಗಿವೆ, ಆದ್ದರಿಂದ ಕಣ್ಣು ಮುಚ್ಚಿ ಜೋಡಿಸಿದಾಗ ಕನಕ ಬರುವುದು 2/6 ಅಂದರೂ 1/3 ಅಂದರೂ ಒಂದೇ. ಎರಡು ನಾಣ್ಯದಲ್ಲಿ ಹಾಗಿರಲಿಲ್ಲ. ಯಾಕೆ ಅಂತ ಮಕ್ಕಳೇ ಚರ್ಚೆ ಮಾಡಲಿ. ಆ ಒಂದು ಪೀರಿಯಡ್ ಪೂರ್ತಿ ಇದಕ್ಕೇ ಹೋದರೂ ಚಿಂತೆಯಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓಟದ ಪಂದ್ಯ ಸೋಮವಾರವೇ ಮಾಡಿಸುತ್ತೇನೆ. ಇನ್ನೊಂದು ಸಮಸ್ಯೆ. ದಾಳವನ್ನು ನಾಲ್ಕು ಸಲ ಎಸೆದರೆ ಒಂದಾದರೂ 6 ಬರುವುದಕ್ಕೆ ಎಲ್ಲರೂ 4/6 ಬರೆಯುತ್ತಾರೆ. ಕೂಡಿಸಬಾರದು ಅಂದರೆ ಯಾಕೆ ಅನ್ನುತ್ತಾರೆ.

ಉತ್ತರ 1

ಅವರನ್ನು ಅದೇ ದಾರಿಯಲ್ಲಿ ಮುಂದೆ ಕರೆದುಕೊಂಡು ಹೋಗಿ. ಆರು ಸಲ ಎಸೆದರೆ? 6/6, ಅಂದರೆ 6 ಬಂದೇ ಬರುತ್ತದೆ! ದಾಳ ಕೈಗೆ ಕೊಟ್ಟು ಆರಾರು ಸಲ ಎಸೆಯಲು ಹೇಳಿ. ಒಂದೂ 6 ಬಾರದ ಮಕ್ಕಳು ತರಗತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಇರುತ್ತಾರೆ. ಏಳು ಸಲಕ್ಕೆ 7/6 ಅಂತ ಬರೆಯುವ ಹೊತ್ತಿಗೆ ಅವರಿಗೇ ಅರ್ಥವಾಗುತ್ತದೆ.

ಆಮೇಲೆ ತಿರುಗಿಸಿ ಕೇಳಿ: ಒಂದೂ 6 ಬಾರದಿರಲು ಎಷ್ಟು ದಾರಿ? ಪ್ರತಿ ಸಲವೂ 5, ಆದ್ದರಿಂದ 5×5×5×5 = 625. ಒಟ್ಟು 6×6×6×6 = 1296. ಉಳಿದದ್ದು 671. 671/1296 ಅಂದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಸುಮಾರು 52%. 1654ರಲ್ಲಿ ಫ್ರಾನ್ಸಿನ ಗಣಿತಜ್ಞ ಪಾಸ್ಕಲ್ ಇನ್ನೊಬ್ಬ ಗಣಿತಜ್ಞ ಫೆರ್ಮಾಗೆ ಬರೆದ ಪತ್ರದಲ್ಲೂ ಈ ನಾಲ್ಕು ಎಸೆತದ ಲೆಕ್ಕ ಬರುತ್ತದೆ.

ಉತ್ತರ 2

ಒಂದು ಸಣ್ಣ ಮಾತು. ಎರಡು ದಾಳದ ಮೊತ್ತದ ಲೆಕ್ಕದಲ್ಲಿ 6/36 ಬಂದ ಕೂಡಲೇ 1/6 ಮಾಡಿಸಬೇಡಿ. ಕೊನೆಯವರೆಗೂ ಛೇದ 36 ಆಗಿಯೇ ಇರಲಿ, ಆಗ ಮಗು ಏನನ್ನು ಎಣಿಸಿದೆ ಅಂತ ನಿಮಗೂ ಕಾಣುತ್ತದೆ, ಮಗುವಿಗೂ ಕಾಣುತ್ತದೆ. ಛೇದದಲ್ಲಿ 21 ಕಂಡರೆ ಕೆಂಪು-ನೀಲಿ ಮರೆತಿದೆ ಅಂತ ಅರ್ಥ. 11 ಕಂಡರೆ ಬರೀ ಮೊತ್ತಗಳನ್ನು ಎಣಿಸಿದೆ. ಎಲ್ಲಿ ಹಿಡಿದು ತಿದ್ದಬೇಕು ಅಂತ ಆ ಸಂಖ್ಯೆಯೇ ಹೇಳುತ್ತದೆ.