ಗೆದ್ದವರು ನಾವು, ತಡೆ ಹಾಕುವವರು ಯಾರೋ: ನನ್ನ ಸಿಟ್ಟು ತಪ್ಪಾ?

ತಿಪಟೂರು ತೆಂಗು, ಪ್ಲೇನೋ, ಟೆಕ್ಸಾಸ್:

ಎಲ್ಲರಿಗೂ ನಮಸ್ಕಾರ. ಬೈಯುವವರು ಬೈಯಿರಿ, ಆದರೆ ಪೂರ್ತಿ ಓದಿ ಆಮೇಲೆ ಬೈಯಿರಿ.

ಈ ದೇಶಕ್ಕೆ ಬಂದು 24 ವರ್ಷ ಆಯಿತು. ಸಿಟಿಜನ್ ಆದ ಮೇಲೆ ಪ್ರತಿ ಸಲವೂ ರಿಪಬ್ಲಿಕನ್ ಪಕ್ಷಕ್ಕೇ ವೋಟು ಹಾಕಿದ್ದೇನೆ. ಕನ್ನಡ ಸಂಘದಲ್ಲಿ ಇದನ್ನು ಬಾಯಿಬಿಟ್ಟು ಹೇಳುವವರು ಕಮ್ಮಿ. ಯುಗಾದಿ ಊಟಕ್ಕೆ ಕೂತಾಗ ಒಮ್ಮೆ ಹೇಳಿದೆ. ಪಕ್ಕದವರು ಹೋಳಿಗೆಗೆ ತುಪ್ಪ ಕೇಳುವ ನೆಪದಲ್ಲಿ ಆ ಕಡೆ ತಿರುಗಿದವರು, ಮಜ್ಜಿಗೆ ಬರುವವರೆಗೂ ಈ ಕಡೆ ತಿರುಗಲಿಲ್ಲ.

2024ರ ನವೆಂಬರಿನಲ್ಲಿ ನಾವು ಗೆದ್ದೆವು. ಅಧ್ಯಕ್ಷರ ಕುರ್ಚಿ, ಸಂಸತ್ತಿನ ಎರಡು ಮನೆಗಳಾದ ಸೆನೆಟ್, ಹೌಸ್, ಮೂರೂ ನಮ್ಮದೇ. ಆಮೇಲೆ? ಅಧ್ಯಕ್ಷರು ಒಂದು ಆದೇಶಕ್ಕೆ ಸಹಿ ಹಾಕಿದರೆ ಕೆಲವೇ ದಿನದಲ್ಲಿ ಬಾಸ್ಟನ್ನಿನಲ್ಲೋ ಸಿಯಾಟಲ್ಲಿನಲ್ಲೋ ಒಬ್ಬ ಜಿಲ್ಲಾ ನ್ಯಾಯಾಧೀಶರು ಇಡೀ ದೇಶಕ್ಕೆ ತಡೆ ಕೊಡುತ್ತಾರೆ. ಫೆಡರಲ್ ಜಿಲ್ಲಾ ನ್ಯಾಯಾಧೀಶರು 600ಕ್ಕೂ ಜಾಸ್ತಿ ಇದ್ದಾರೆ. ಸರ್ಕಾರ ಎಲ್ಲ ಕಡೆ ಗೆಲ್ಲಬೇಕು, ಎದುರು ಪಕ್ಷದವರಿಗೆ ಒಂದು ಕಡೆ ಗೆದ್ದರೆ ಸಾಕು. ಇದು ಯಾವ ಸೀಮೆ ನ್ಯಾಯ?

ಇನ್ನು ಕಾಲೇಜಿನ ಕಥೆ. ಮಗಳು ಎರಡನೇ ವರ್ಷದಲ್ಲಿದ್ದಾಳೆ. ಕಾಲೇಜಿನ ಹೆಸರು ಬೇಡ. ಊಟ, ರೂಮು ಎಲ್ಲ ಸೇರಿ ವರ್ಷಕ್ಕೆ 31,000 ಡಾಲರ್ ಕಟ್ಟುತ್ತೇನೆ. ಸೀಟು ಕೊಡುವಾಗ ಜನಾಂಗ ನೋಡಬಾರದು ಅಂತ 2023ರ ಜೂನಿನಲ್ಲಿ ಹಾರ್ವರ್ಡ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತಲ್ಲ, ಅದು ಸರಿ ಅಂತ ಅವಳು ಒಂದು ಪ್ರಬಂಧ ಬರೆದಳು. ಆ ಕೇಸಿನಲ್ಲಿ ಅನ್ಯಾಯ ಆಗಿದೆ ಎಂದು ವಾದಿಸಿದ್ದು ನಮ್ಮಂಥ ಏಷ್ಯಾ ಮೂಲದವರ ಮಕ್ಕಳಿಗೇ. 'ಯಾರ ಲಾಭಕ್ಕೆ ಮಾತಾಡುತ್ತಿದ್ದೀಯ ಯೋಚಿಸು' ಅಂತ ಅವಳ ಪ್ರೊಫೆಸರ್ ಪಕ್ಕದಲ್ಲಿ ಕೆಂಪಿನಲ್ಲಿ ಬರೆದು ಬಿ ಮೈನಸ್ ಕೊಟ್ಟರು. ತಪ್ಪು ಎಲ್ಲಿದೆ ಅಂತ ಒಂದು ಸಾಲೂ ಇಲ್ಲ. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಬಂದವಳು, 'ಅಪ್ಪ, ನೀನು ಯಾರಿಗೆ ವೋಟು ಹಾಕ್ತೀಯ ಅಂತ ಅಲ್ಲಿ ಯಾರಿಗೂ ಹೇಳಿಲ್ಲ' ಅಂದಳು. ಚಿತ್ರಾನ್ನ ಕಲಸುತ್ತಿದ್ದೆ, ಕೈ ನಿಂತುಹೋಯಿತು.

ಗೆದ್ದೂ ಸೋತ ಹಾಗೆ ಯಾಕೆ ಅನ್ನಿಸುತ್ತದೆ? ತಿಳಿದವರು ಹೇಳಿ.

ಶಿಕಾಗೋ ಲಾಯರಮ್ಮ:

ತಿಪಟೂರಿನವರೇ, ಸಿಟ್ಟು ಸರಿ. ಲೆಕ್ಕ ಮಾತ್ರ ಅರ್ಧ ಬರೆದಿದ್ದೀರಿ.

ಉಳಿದರ್ಧ ನಿಮ್ಮ ಟೆಕ್ಸಾಸಿನಲ್ಲೇ ಇದೆ. 2015ರ ಫೆಬ್ರವರಿಯಲ್ಲಿ ಒಬಾಮಾ ಅವರ ವಲಸೆ ಯೋಜನೆಗೆ ಇಡೀ ದೇಶದಲ್ಲಿ ತಡೆ ಬಿತ್ತು. ಕೊಟ್ಟವರು ಬ್ರೌನ್ಸ್‌ವಿಲ್‌ನ ಒಬ್ಬ ನ್ಯಾಯಾಧೀಶರು. 2022ರ ನವೆಂಬರಿನಲ್ಲಿ ಬೈಡನ್ ಅವರ ವಿದ್ಯಾಭ್ಯಾಸ ಸಾಲ ಮನ್ನಾ ಯೋಜನೆಯನ್ನು ಫೋರ್ಟ್ ವರ್ತಿನ ನ್ಯಾಯಾಧೀಶರು ಹೊಡೆದುಹಾಕಿದರು. 2023ರ ಏಪ್ರಿಲಿನಲ್ಲಿ ಅಮರಿಲ್ಲೋದ ಒಬ್ಬರು, 2000ದಿಂದ ಒಪ್ಪಿಗೆ ಇದ್ದ ಗರ್ಭಪಾತದ ಮಾತ್ರೆಗೇ ಕೈ ಹಾಕಿದರು. ಅಮರಿಲ್ಲೋದಲ್ಲಿ ಕೇಸು ಹಾಕಿದರೆ ಯಾರ ಮುಂದೆ ಬರುತ್ತದೆ ಅಂತ ಮೊದಲೇ ಗೊತ್ತಿತ್ತು. ಆಗ ನೀವು 'ಯಾವ ಸೀಮೆ ನ್ಯಾಯ' ಅಂದಿರಾ?

ನಿಮ್ಮ ದೂರನ್ನು ಸುಪ್ರೀಂ ಕೋರ್ಟ್ ಕೇಳಿಸಿಕೊಂಡಿದೆ. 2025ರ ಜೂನ್ 27ರಂದು, ಜಿಲ್ಲಾ ನ್ಯಾಯಾಧೀಶರು ಹೀಗೆ ದೇಶಕ್ಕೆಲ್ಲ ತಡೆ ಕೊಡುವ ಹಾಗಿಲ್ಲ ಅಂತ 6-3ರಲ್ಲಿ ಹೇಳಿತು. ಬರೆದವರು ಟ್ರಂಪ್ ನೇಮಿಸಿದ ಬ್ಯಾರೆಟ್. ಆದರೆ ಗುಂಪಾಗಿ ಕೇಸು ಹಾಕುವ ದಾರಿ ತೆರೆದೇ ಇತ್ತು. ಎರಡು ವಾರಕ್ಕೆ ನ್ಯೂ ಹ್ಯಾಂಪ್‌ಶೈರಿನಲ್ಲಿ ಆ ದಾರಿಯಲ್ಲೇ ಹೋಗಿ, ಹುಟ್ಟಿನಿಂದ ಬರುವ ಪೌರತ್ವವನ್ನು ಕೆಲವು ಮಕ್ಕಳಿಗೆ ನಿಲ್ಲಿಸುವ ಟ್ರಂಪ್ ಆದೇಶಕ್ಕೆ ಮತ್ತೆ ತಡೆ ತಂದರು. ಕೊಟ್ಟವರು ನಿಮ್ಮದೇ ಪಕ್ಷದ ಚಿಕ್ಕ ಬುಷ್ ನೇಮಿಸಿದವರು. ಅದೇ ಆದೇಶವನ್ನು ಸಿಯಾಟಲ್ಲಿನಲ್ಲಿ ಮೊದಲು ತಡೆದವರು ನಿಮ್ಮ ಪಕ್ಷದವರೇ ಆದ ರೇಗನ್ ನೇಮಿಸಿದವರು. ಎಲ್ಲ ಎಡದವರ ಕಿತಾಪತಿ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ನನ್ನ ಕೇಳಿದರೆ ರೋಗ ಇರುವುದು ಕಾಂಗ್ರೆಸ್‌ನಲ್ಲಿ, ಅಂದರೆ ಇಲ್ಲಿನ ಸಂಸತ್ತಿನಲ್ಲಿ. ಸೆನೆಟ್ಟಿನಲ್ಲಿ ಹೆಚ್ಚಿನ ಮಸೂದೆಗಳಿಗೆ 100ರಲ್ಲಿ 60 ವೋಟು ಬೇಕು, ಅಷ್ಟು ಯಾರ ಹತ್ತಿರವೂ ಇಲ್ಲ. ಹಾಗಾಗಿ ಯಾವ ಅಧ್ಯಕ್ಷರು ಬಂದರೂ ಪೆನ್ನು ಹಿಡಿದು ಆದೇಶ ಬರೆಯುತ್ತಾರೆ. ಅದನ್ನು ಕೋರ್ಟಿನಲ್ಲಿ ಅಲ್ಲಾಡಿಸುವುದು ಸುಲಭ.

ಎಡಿಸನ್ ಹುಡುಗ:

ಸರ್, ನಾನು ಎಚ್-1ಬಿ ಕೆಲಸದ ವೀಸಾದಲ್ಲಿ ಇದ್ದೇನೆ, ಹೆಂಡತಿ ಅದರ ಜೊತೆ ಕೊಡುವ ಎಚ್-4ರಲ್ಲಿ. ಆದೇಶ ಅನ್ವಯ ಆಗಬೇಕಿದ್ದದ್ದು 2025ರ ಫೆಬ್ರವರಿ 19ರ ನಂತರ ಹುಟ್ಟಿದ ನಮ್ಮಂಥವರ ಮಕ್ಕಳಿಗೆ. ನಮ್ಮ ಮಗಳು ಹುಟ್ಟಿದ್ದು ಮಾರ್ಚಿನಲ್ಲಿ. ಫೆಬ್ರವರಿ 19ಕ್ಕೆ ಮುಂಚೆಯೇ ಸಿಸೇರಿಯನ್ ಮಾಡಿಸೋಣವಾ ಅಂತ ಊರಿಂದ ಅತ್ತೆ ಕೇಳಿದ್ದರು. ನೀವು ಬೈಯುತ್ತಿರುವ ಆ ಸಿಯಾಟಲ್ ಜಡ್ಜ್ ಫೋಟೋ ದೇವರ ಮನೆಯಲ್ಲಿ ಇಡುವುದೊಂದು ಬಾಕಿ.

ಮಣ್ಣು ಮೇಷ್ಟ್ರು:

ನಾನು ಒಂದು ಸ್ಟೇಟ್ ಯೂನಿವರ್ಸಿಟಿಯಲ್ಲಿ ಮಣ್ಣಿನ ವಿಜ್ಞಾನ ಕಲಿಸುತ್ತೇನೆ. ನಿಮ್ಮ ಮಗಳಿಗೆ ಆದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ನಮ್ಮಲ್ಲೂ ಕೆಲವು ವಿಭಾಗಗಳಲ್ಲಿ ಬಲಪಂಥದ ಒಬ್ಬ ಮೇಷ್ಟ್ರನ್ನು ದೀಪ ಹಚ್ಚಿ ಹುಡುಕಬೇಕು. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದರೆ ನನಗೂ ಮಜ್ಜಿಗೆ ಸಿಗುವುದಿಲ್ಲ.

ಆದರೆ ಪೆಟ್ಟು ಎಲ್ಲಿ ಬೀಳುತ್ತಿದೆ ನೋಡಿ. 2025ರ ಏಪ್ರಿಲಿನಲ್ಲಿ ಹಾರ್ವರ್ಡಿಗೆ ಹೋಗಬೇಕಿದ್ದ 2.2 ಬಿಲಿಯನ್ ಡಾಲರನ್ನು ಟ್ರಂಪ್ ಸರ್ಕಾರ ತಡೆಹಿಡಿಯಿತು. ಅಂಥ ದುಡ್ಡು ಬಹುಪಾಲು ಹೋಗುವುದು ಲ್ಯಾಬುಗಳಿಗೆ. ಕೆಂಪಿನಲ್ಲಿ ಬರೆದವರ ಸಂಬಳಕ್ಕೆ ಏನೂ ಆಗುವುದಿಲ್ಲ, ಕ್ಯಾನ್ಸರ್ ಸಂಶೋಧನೆ ಮಾಡುವ ಹುಡುಗರು ಮನೆಗೆ ಹೋಗುತ್ತಾರೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ.

ತಿಪಟೂರು ತೆಂಗು:

ಲಾಯರಮ್ಮನವರೇ, ಸಿಕ್ಕಿಬಿದ್ದೆ. ಫೋರ್ಟ್ ವರ್ತ್ ತೀರ್ಪು ಬಂದ ದಿನ ಆಫೀಸಿಗೆ ಮೈಸೂರು ಪಾಕ್ ತೆಗೆದುಕೊಂಡು ಹೋಗಿದ್ದೆ. ಯಾಕೆ ಅಂತ ಯಾರಿಗೂ ಹೇಳಿರಲಿಲ್ಲ, ಅಷ್ಟೇ.

ಆದರೆ ನಮ್ಮವರೇ ನೇಮಿಸಿದವರು ಕೈಕೊಟ್ಟರು ಅನ್ನುವುದರಿಂದ ನನ್ನ ಸಿಟ್ಟು ಇಳಿಯುವುದಿಲ್ಲ, ಇನ್ನೂ ಏರುತ್ತದೆ. ಸುಪ್ರೀಂ ಕೋರ್ಟಿನಲ್ಲಿ ಎಡಕ್ಕೆ ವಾಲಿದ ವಾರೆನ್ ಅವರನ್ನು ಕೂರಿಸಿದ್ದು ನಮ್ಮ ಪಕ್ಷದ ಐಸೆನ್‌ಹೋವರ್. 1973ರಲ್ಲಿ ಗರ್ಭಪಾತಕ್ಕೆ ಹಕ್ಕು ಕೊಟ್ಟ ತೀರ್ಪು ಬರೆದ ಬ್ಲ್ಯಾಕ್‌ಮನ್ ಅವರನ್ನು ತಂದಿದ್ದು ನಮ್ಮ ನಿಕ್ಸನ್. ಆಮೇಲೆ ಎಡಕ್ಕೆ ವಾಲಿದ ಸೂಟರ್ ಅವರನ್ನು 1990ರಲ್ಲಿ ತಂದಿದ್ದು ನಮ್ಮ ದೊಡ್ಡ ಬುಷ್. ಆ 1973ರ ತೀರ್ಪು ಬೀಳಲು 2022 ಬರಬೇಕಾಯಿತು. 49 ವರ್ಷ ಕಾದವರಿಗೆ 'ಸ್ವಲ್ಪ ತಾಳಿ' ಅಂದರೆ ಹೇಗಿರುತ್ತದೆ ಹೇಳಿ.

ಮೇಷ್ಟ್ರೇ, ಲ್ಯಾಬಿನ ಮಾತು ಒಪ್ಪಿದೆ. ಆದರೆ 'ದುಡ್ಡು ನಿಲ್ಲಿಸಬೇಡಿ' ಅನ್ನುವವರು, ಆ ಕೆಂಪು ಅಕ್ಷರಕ್ಕೆ ಏನು ಮಾಡಬೇಕು ಅಂತಲೂ ಹೇಳಬೇಕಲ್ವಾ? ಗ್ರೇಡಿನ ಮೇಲೆ ಅಪೀಲು ಹಾಕು ಅಂದೆ. 'ಮುಂದಿನ ಸೆಮಿಸ್ಟರೂ ಅವರೇ ಅಪ್ಪ, ಬಿಡು' ಅಂದಳು.

ಎಡಿಸನ್ ತಮ್ಮಾ, ಆದೇಶ ತಪ್ಪು ಅಂತ ನನಗೆ ಈಗಲೂ ಅನ್ನಿಸುತ್ತಿಲ್ಲ. ಮಗುವಿಗೆ ಏನು ಹೆಸರಿಟ್ಟಿರಿ?

ಈಗ ಹೊರಡಬೇಕು. ಅವಳನ್ನು ಹಾಸ್ಟೆಲಿಗೆ ಬಿಡಲು ಮೂರೂವರೆ ಗಂಟೆ ದಾರಿ. ಚಟ್ನಿಪುಡಿ ಡಬ್ಬಿ ಆಗಲೇ ಕಾರಿನಲ್ಲಿದೆ. 60 ವೋಟಿನ ನಿಯಮದ ಬಗ್ಗೆ ಜಗಳ ಬಾಕಿ ಇದೆ ಲಾಯರಮ್ಮ, ರಾತ್ರಿ ಬಂದು ಬರೆಯುತ್ತೇನೆ.