ಕೀಬೋರ್ಡ್ ಕೋಡಿಗೆ ಯಾವ ಲೈಸೆನ್ಸ್ ಹಾಕಲಿ?

ಕೀಲಿಮಣೆ_ಹುಚ್ಚ:
ಆರು ತಿಂಗಳಿಂದ ಮೆಕ್ಯಾನಿಕಲ್ ಕೀಬೋರ್ಡ್ ಕಟ್ಟುವ ಹುಚ್ಚು ಹಿಡಿದಿದೆ. ಸ್ವಿಚ್‌ಗಳಿಗೆ ಬೆಸುಗೆ ಹಾಕಿದ್ದಾಯಿತು, ಬೆರಳು ಸುಟ್ಟುಕೊಂಡಿದ್ದೂ ಆಯಿತು. ಕೀಬೋರ್ಡಿನೊಳಗೆ ಓಡುವ ಕ್ಯೂಎಂಕೆ ಅನ್ನೋ ಫರ್ಮ್‌ವೇರ್ ತಗೊಂಡು ಅದರೊಳಗೆ ಸ್ವಲ್ಪ ಕೈಯಾಡಿಸಿದ್ದೇನೆ: ಪಕ್ಕದ ನಾಬ್ ನಿಧಾನಕ್ಕೆ ತಿರುಗಿಸಿದರೆ ಸಾಲು ಸಾಲಾಗಿ ಸ್ಕ್ರಾಲ್ ಆಗುತ್ತದೆ, ಜೋರಾಗಿ ತಿರುಗಿಸಿದರೆ ಪುಟ ಪುಟವಾಗಿ. ಜೊತೆಗೆ ಕೀಮ್ಯಾಪನ್ನು (ಯಾವ ಕೀ ಒತ್ತಿದರೆ ಏನು ಅನ್ನೋ ಪಟ್ಟಿ) ಚಿತ್ರ ಮಾಡಿಕೊಡುವ ಒಂದು ಪುಟ್ಟ ಪೈಥಾನ್ ಸ್ಕ್ರಿಪ್ಟ್, ಅದು ಪೂರ್ತಿ ನಾನೇ ಬರೆದದ್ದು. ಎರಡನ್ನೂ ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ಗೆ ಹಾಕಿ ಮರೆತಿದ್ದೆ. ಈಗ ಕೀಬೋರ್ಡ್ ಮಾಡಿ ಮಾರುವ ಒಬ್ಬರು, ನಾಬ್ ಕೋಡ್ ಬಳಸಬಹುದಾ, ಲೈಸೆನ್ಸೇ ಕಾಣ್ತಿಲ್ಲವಲ್ಲ ಅಂತ ಕೇಳಿದ್ದಾರೆ. ಎಂಐಟಿ ಹಾಕಲಾ, ಜಿಪಿಎಲ್ ಹಾಕಲಾ, ಏನೂ ಹಾಕದೆ ಸುಮ್ನೆ ಬಿಡಲಾ? ನನ್ನ ಕೋಡಿನಿಂದ ಇನ್ನೊಬ್ಬರು ದುಡ್ಡು ಮಾಡ್ತಾರೆ ಅಂತ ಸ್ವಲ್ಪ ಹೊಟ್ಟೆಕಿಚ್ಚೂ ಇದೆ, ಸುಳ್ಳು ಹೇಳಲ್ಲ.

ತಂತಿ_ಬೆಸುಗೆ:
ಅರ್ಧ ಪ್ರಶ್ನೆಗೆ ಉತ್ತರ ನಿಮ್ಮ ಕೈಯಲ್ಲೇ ಇಲ್ಲ. ಕ್ಯೂಎಂಕೆ ಇರುವುದೇ ಜಿಪಿಎಲ್‌ನಲ್ಲಿ. ಅದನ್ನು ಬದಲಾಯಿಸಿ ಮನೆಯಲ್ಲೇ ಇಟ್ಟುಕೊಂಡರೆ ಯಾರೂ ಕೇಳುವುದಿಲ್ಲ, ಆದರೆ ಬೇರೆಯವರಿಗೆ ಕೊಟ್ಟರೆ ಜಿಪಿಎಲ್‌ನಲ್ಲೇ ಕೊಡಬೇಕು. ಆ ಮಾರಾಟಗಾರರಿಗೂ ಇದೇ ನಿಯಮ. ದುಡ್ಡು ತಗೊಂಡು ಮಾರಬಹುದು, ಜಿಪಿಎಲ್ ಅದಕ್ಕೆ ಅಡ್ಡ ಬರಲ್ಲ, ಆದರೆ ಕೊಂಡವರಿಗೆ ಸೋರ್ಸ್, ಅಂದರೆ ಮೂಲ ಕೋಡ್, ಸಿಗುವ ಹಾಗಿರಬೇಕು. ಇಂಥ ತಂತ್ರಾಂಶಕ್ಕೆ ಇಂಗ್ಲಿಷಿನಲ್ಲಿ ‘ಫ್ರೀ’ ಅಂತಾರೆ, ಆ ಪದದಿಂದಲೇ ಇಷ್ಟೆಲ್ಲ ಗೊಂದಲ. ನಮ್ಮಲ್ಲಿ ಪುಕ್ಕಟೆ ಬೇರೆ, ಸ್ವತಂತ್ರ ಬೇರೆ, ತಲೆನೋವೇ ಇಲ್ಲ.

ಇನ್ನು ಏನೂ ಹಾಕದೆ ಬಿಡುವುದು. ಹಾಗೆ ಬಿಟ್ಟರೆ ಎಲ್ಲರಿಗೂ ಕೊಟ್ಟಂತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಉಲ್ಟಾ. ಬರೆದ ಕ್ಷಣದಿಂದ ಕಾಪಿರೈಟ್ ನಿಮ್ಮದು, ಬೇರೆಯವರು ನೋಡಬಹುದು ಅಷ್ಟೆ, ತಮ್ಮ ಕೆಲಸಕ್ಕೆ ಎತ್ತಿಕೊಳ್ಳುವಂತಿಲ್ಲ. ಪಾಪ, ಅವರು ಕೇಳಿದ್ದೇ ಒಳ್ಳೇದಾಯ್ತು.

ಎಂಐಟಿ_ಸಾಕು:
ಸ್ಕ್ರಿಪ್ಟಿಗೆ ಎಂಐಟಿ ಹಾಕಿ ಮಲಗಿ. ಒಂದು ಪುಟವೂ ಇಲ್ಲ, ಓದಿದರೆ ಅರ್ಥ ಆಗುತ್ತೆ. ನಿಮ್ಮ ಹೆಸರಿನ ಕಾಪಿರೈಟ್ ಸಾಲನ್ನೂ ಲೈಸೆನ್ಸಿನ ಪಠ್ಯವನ್ನೂ ತೆಗೆಯುವ ಹಾಗಿಲ್ಲ, ಬೇರೆ ಷರತ್ತೇ ಇಲ್ಲ. ನಾಬ್ ಕೋಡನ್ನಾದರೂ ಒಬ್ಬರು ಕೇಳಿದ್ದಾರೆ, ಸ್ಕ್ರಿಪ್ಟನ್ನು ಇನ್ನೂ ಯಾರೂ ಮೂಸಿಲ್ಲ, ಆಗಲೇ ಕದ್ದುಬಿಟ್ಟರೆ ಅಂತ ಚಿಂತೆ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತು.

ಹಳೇ_ರೌಟರ್:
ಮೇಲಿನವರ ಮಾತು ನಾನು ಒಪ್ಪಲ್ಲ. ಲಿಂಕ್‌ಸಿಸ್ ಡಬ್ಲ್ಯೂಆರ್‌ಟಿ54ಜಿ ರೌಟರ್ ನೆನಪಿದೆಯಾ, ಆ ನೀಲಿ-ಕಪ್ಪು ಡಬ್ಬ? ಅದರೊಳಗೆ ಓಡುತ್ತಿರುವುದು ಲಿನಕ್ಸ್ ಅಂತ 2003ರಲ್ಲಿ ಹವ್ಯಾಸಿಗಳು ಪತ್ತೆ ಹಚ್ಚಿದರು. ಲಿನಕ್ಸ್ ಜಿಪಿಎಲ್ ಆದ್ದರಿಂದ, ಸೋರ್ಸ್ ಎಲ್ಲಿ ಅಂತ ಕೇಳುವ ಹಕ್ಕಿತ್ತು. ಕೇಳಿದರು, ಒತ್ತಾಯ ಮಾಡಿದರು, ಕಂಪನಿ ಕೊನೆಗೆ ಕೊಟ್ಟಿತು. ಅದನ್ನೇ ಇಟ್ಟುಕೊಂಡು 2004ರಲ್ಲಿ ರೌಟರ್‌ಗೆ ಹಾಕುವ ಸ್ವತಂತ್ರ ಫರ್ಮ್‌ವೇರ್ ಓಪನ್‌ಡಬ್ಲ್ಯೂಆರ್‌ಟಿ ಶುರುವಾಯಿತು, ಹೆಸರೂ ಆ ಡಬ್ಬದ್ದೇ. ಇವತ್ತಿಗೂ ಕಂಪನಿ ಕೈಬಿಟ್ಟ ಎಷ್ಟೋ ರೌಟರ್‌ಗಳು ಅದರಿಂದಲೇ ಬದುಕಿವೆ, ನನ್ನ ಅಟ್ಟದ ಮೇಲೆ ಎರಡಿವೆ. ಲಿನಕ್ಸ್ ಎಂಐಟಿ ಲೈಸೆನ್ಸಿನಲ್ಲಿ ಇದ್ದಿದ್ದರೆ ಕಂಪನಿ ಒಂದು ಕೃತಜ್ಞತೆಯ ಸಾಲು ಹಾಕಿ ಕೈ ತೊಳೆದುಕೊಳ್ಳಬಹುದಿತ್ತು, ಅಲ್ವಾ?

ಎಂಐಟಿ_ಸಾಕು:
ರೌಟರ್ ಕಥೆ ಚೆನ್ನಾಗಿದೆ ಗುರು, ಆದರೆ ಇದು ಚಿತ್ರ ಬರೆಯೋ ಸ್ಕ್ರಿಪ್ಟು!

ಕೀಲಿಮಣೆ_ಹುಚ್ಚ:
ಎಲ್ಲರಿಗೂ ಥ್ಯಾಂಕ್ಸ್. ನಾಬ್ ಕೋಡ್ ಜಿಪಿಎಲ್ ಅಂತ ಅವರಿಗೆ ಬರೆದೆ, ಸೋರ್ಸ್ ಕೊಡಲು ಅವರದೇನೂ ತಕರಾರಿಲ್ಲ. ಸ್ಕ್ರಿಪ್ಟಿಗೆ ಸದ್ಯಕ್ಕೆ ಎಂಐಟಿ. ಒಬ್ಬನೇ ಬರೆದದ್ದಾದ್ದರಿಂದ ಮುಂದಿನ ಆವೃತ್ತಿಗೆ ಬೇಕಾದರೆ ಬದಲಾಯಿಸಬಹುದು, ಈಗಾಗಲೇ ತಗೊಂಡವರ ಹಕ್ಕು ಮಾತ್ರ ಹಾಗೇ ಇರುತ್ತೆ, ಸರಿ ತಾನೇ? ಅಂದ ಹಾಗೆ ಅವರ ಬೋರ್ಡಿನಲ್ಲಿ ನಾಬ್ ಬಲಕ್ಕೆ ತಿರುಗಿಸಿದರೆ ಪುಟ ಮೇಲಕ್ಕೆ ಹೋಗ್ತಿದೆಯಂತೆ.

ತಂತಿ_ಬೆಸುಗೆ:
ಸರಿ. ನಾಬ್‌ನ (ಎನ್‌ಕೋಡರ್ ಅಂತಾರೆ) ದಿಕ್ಕು ತಿಳಿಸುವ ಎ, ಬಿ ಪಿನ್ ಅದಲು ಬದಲಾಗಿರಬೇಕು. ಬೆಸುಗೆ ಬಿಚ್ಚಬೇಡಿ ಅನ್ನಿ, ಕಾನ್ಫಿಗ್ ಫೈಲಿನಲ್ಲಿ ಎನ್‌ಕೋಡರ್ ದಿಕ್ಕು ತಿರುಗಿಸುವ ಒಂದು ಸಾಲು ಸೇರಿಸಿದರೆ ಆಯ್ತು.